ಅವನು ನುಂಗಿಕೊಂಡ ಸಂಭಾಷಣೆ

ಇವನಿಗೆ ಎದೆ ಅನ್ನೋದೇ ಇಲ್ಲವಾ? ಅಥವಾ ನಾನೇ ಏನೇನೋ ಕಲ್ಪಿಸಿಕೊಳ್ಳುತ್ತಿದ್ದೇನಾ?

ಚಹಾದ ತಟ್ಟೆ ಹಿಡಿದು ಪಡಸಾಲೆಯ ಬಾಗಿಲಲ್ಲಿ ನಿಂತ ಉಮಾಮಹೇಶ್ವರಿಗೆ ಒಳಗೆ ಹೋಗಬೇಕೋ ಬೇಡವೋ ತಿಳಿಯಲಿಲ್ಲ.

ಟೀವಿಯಲ್ಲಿ ಹಳೆಯ ಕಪ್ಪು-ಬಿಳುಪು ಇಂಗ್ಲಿಷ್ ಚಿತ್ರ. ಮಂಜು ಮುಸುಕಿದ ಬಂದರು. ಉದ್ದ ಕೋಟಿನ ಗಂಡಸೊಬ್ಬ, ಅಳುತ್ತಿದ್ದ ಹೆಂಗಸಿಗೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದ. ಹೇಳುತ್ತಲೇ ಇದ್ದ...

"ಏನಂತಾನಪ್ಪಾ?" ಅಪ್ಪಾಜಿ ಕೇಳಿದರು.

ಮಾಲತೇಶ ಒಮ್ಮೆ ಉಮಾಳತ್ತ ನೋಡಿ ತಟ್ಟನೆ ಕಣ್ಣು ತಗ್ಗಿಸಿದ.

"ಏನಿಲ್ರೀ ಸಾವ್ಕಾರ್ರೇ... ಹಡಗು ತಡ ಆಗ್ತೈತಂತೆ."

ಅಷ್ಟೇನಾ! ಅಷ್ಟು ಹೊತ್ತು ಮಾತಾಡಿದ್ದು ಹಡಗಿಗಾ?

ಸಕ್ಕರೆ ಕಾಯಿಲೆ ಅಪ್ಪಾಜಿ ಬಕ್ಕೇಶಪ್ಪನವರ ಕಣ್ಣನ್ನು ತಿಂದು ಮುಗಿಸಿ, ಈಗ ಮೂತ್ರಪಿಂಡಕ್ಕೆ ಕೈ ಹಾಕಿತ್ತು. ಬಟ್ಟೆ ಅಂಗಡಿಯನ್ನು ಮಗ ಶಿವಕುಮಾರನಿಗೆ ಬಿಟ್ಟು ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ಕೂತವರಿಗೆ ಉಳಿದಿದ್ದು ಒಂದೇ ಸಂತೋಷ. ಐವತ್ತರ ದಶಕದಲ್ಲಿ ಬೆಂಗಳೂರಲ್ಲಿ ಓದುವಾಗ ಕಂಟೋನ್ಮೆಂಟಿನ ಟಾಕೀಸುಗಳಲ್ಲಿ ನೋಡಿದ್ದ ಬ್ರಿಟಿಷ್ ಚಿತ್ರಗಳು. ಹಳೆಯ ಗೆಳೆಯರೊಬ್ಬರು ಅವುಗಳ ಕ್ಯಾಸೆಟ್ ಕಳಿಸುತ್ತಿದ್ದರು.

"ನೋಡಾಕ ಕಣ್ಣಿಲ್ಲ, ಆ ಮಾತೂ ತಲೆಗೆ ಹತ್ತಂಗಿಲ್ಲ. ಯಾರಾದ್ರೂ ಹೇಳೋರು ಬೇಕು" ಅಂದಿದ್ದರು.

ಹಾಗೆ ಬಂದವನು ಮಾಲತೇಶ. ಹರಿಹರದ ಆಚೆ ಸಾರಥಿ ಎಂಬ ಹಳ್ಳಿಯ ಒಕ್ಕಲು ಮನೆಯ ಹುಡುಗ, ಕಾಲೇಜಿನಲ್ಲಿ ಅರೆಕಾಲಿಕ ಇಂಗ್ಲಿಷ್ ಮೇಷ್ಟ್ರು. ಭಾನುವಾರ ಮಧ್ಯಾಹ್ನ ಅಪ್ಪಾಜಿಯ ಪಕ್ಕ ಕೂತು ತೆರೆಯ ಮೇಲೆ ಕಂಡದ್ದನ್ನೂ ಕೇಳಿದ್ದನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಕೊಲೆಯಾದರೆ ಮೈ ಜುಮ್ಮೆನ್ನಬೇಕು, ಯುದ್ಧವಾದರೆ ಗುಂಡಿನ ಸದ್ದು ಮನೆಯೊಳಗೇ ಕೇಳಬೇಕು, ಹಾಗೆ!

ಆದರೆ ಗಂಡು ಹೆಣ್ಣು ಎದುರಾದರೆ ಮುಗಿಯಿತು. 'ಸುಮ್ನೆ ನಿಂತಾರ್ರೀ' ಅನ್ನುತ್ತಿದ್ದ.

ಆ ದನಿಗೆ ಉಮಾ ಸೋತು ವರ್ಷವಾಗಿತ್ತು. ಅವನಿಗೂ ಹಾಗೇ ಅನ್ನಿಸಿದೆಯೇ? ಗೊತ್ತಿಲ್ಲ...

ಅವತ್ತು ಗೇಟಿನ ತನಕ ಹಿಂದೆಯೇ ಹೋದಳು.

"ಮೇಷ್ಟ್ರೇ, ಆ ದೇಶದ ಗಂಡಸ್ರಿಗೆ ಹಡಗು ಬಿಟ್ರೆ ಬ್ಯಾರೆ ಮಾತೇ ಬರಂಗಿಲ್ಲೇನ್ರಿ?"

"ಚಳಿ ದೇಶ ನೋಡ್ರಿ. ಮಾತು ಕಮ್ಮಿ."

"ನಮ್ ದಾವಣಗೆರೆ ಬಿಸಿಲಿಗೂ ನಿಮ್ ಬಾಯಿ ಕರಗಲಿಲ್ಲ ಬಿಡ್ರಿ!"

ಅವನು ನಕ್ಕ. ಅವಳು ನಗಲಿಲ್ಲ.

"ಹರಿಹರದಿಂದ ನನ್ನ ನೋಡಾಕ ಬರ್ತಾರೆ. ರೈಸ್ ಮಿಲ್ಲಿನೋರು. ಒಪ್ಕೊಳ್ಳಲಾ?"

ಒಂದು ಸ್ಕೂಟರ್ ಹಾದುಹೋಯಿತು. ಅವನು ಅದರ ಹಿಂದೆಯೇ ಕಣ್ಣು ಹಾಯಿಸಿದ.

"ಒಳ್ಳೇ ಮನೆತನ ಅಂತೆ..." ಅಂದ. ಚಪ್ಪಲಿ ಮೆಟ್ಟಿ ಹೊರಟೇಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಹರಿಹರದವರು ಬಂದರು. ಉಮಾ ತಲೆ ಬಗ್ಗಿಸಿ ಕೂತು, ಕೇಳಿದ್ದಕ್ಕೆಲ್ಲ ಹೂಂ ಅಂದಳು. ಸಿಟ್ಟಿನಲ್ಲಿ ಹೂಂ ಅನ್ನುವುದು ಎಷ್ಟು ಸುಲಭ!

ಅಪ್ಪಾಜಿಯ ಕಾಲು ಬಾತುಕೊಂಡವು. ಅನ್ನ ಸೇರದಾಯಿತು. ಆಸ್ಪತ್ರೆಗೆ ಸೇರಿಸಿದರೆ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅದರ ಅರ್ಥ ಎಲ್ಲರಿಗೂ ತಿಳಿಯಿತು.

ಒಂದು ಸಂಜೆ ಅವರೇ ಕರೆದರು. "ಉಮಾ, ಆ ಬಂದರಿನ ಪಿಕ್ಚರ್ ಹಾಕವ್ವ."

"ಹೇಳೋರು ಯಾರದಾರೆ ಅಪ್ಪಾಜಿ?"

"ಹಾಕು."

ಮಂಜು, ಬಂದರು, ಅಳುವ ಹೆಂಗಸು. ಕೋಟಿನ ಗಂಡಸು ಬಾಯಿ ತೆರೆದ. ಹಾಸಿಗೆಯಿಂದ ಅಪ್ಪಾಜಿಯ ಸೋತ ದನಿ ಕೇಳಿತು.

"ನಿನ್ನ ಬಿಟ್ಟು ಹೋದ ಕಡೆ ನಾನು ಇರ್ತೀನಿ, ಬದುಕಿರಂಗಿಲ್ಲ ಅಂತಾನೆ. ನೀ ಹೋಗಬ್ಯಾಡ ಅಂದ್ರೆ ಹಡಗು ಹತ್ತಂಗಿಲ್ಲ ಅಂತಾನೆ..."

ಉಮಾ ಟೀವಿಯಿಂದ ತಿರುಗಿದಳು. "ನಿಮಗೆ... ನಿಮಗೆ ಇಂಗ್ಲಿಷ್ ತಿಳೀತೈತಾ?"

"ಬೆಂಗಳೂರಾಗೆ ಓದಿದೋನು, ಇಷ್ಟೂ ತಿಳಿಯಲ್ವೇನವ್ವಾ? ಆ ಹುಡುಗನ ಕನ್ನಡ ಕೇಳೋ ಆಸೆಗೆ ಸುಳ್ಳು ಹೇಳಿದ್ದೆ." ಉಸಿರು ಎಳೆದುಕೊಂಡರು. "ನೀ ಒಲೆ ಮುಂದ ಇದ್ದಾಗ ಇಂಥಾ ಮಾತು ಒಂದಕ್ಷರ ಬಿಡದಂಗೆ ಹೇಳ್ತಿದ್ದ ಅವ್ನು. ನಿನ್ನ ಬಳೆ ಸದ್ದು ಬಾಗಿಲಿಗೆ ಬರ್ತಿದ್ದಂಗೆ, ಹಡಗು ತಡ, ಸುಮ್ನೆ ನಿಂತಾರೆ... ಯಾಕಂತ ಕುರುಡನಿಗೆ ಗೊತ್ತಾತು. ನಿನಗೆ ಗೊತ್ತಾಗಲಿಲ್ಲ."

ಉಮಾ ಟೀವಿ ಆರಿಸಿ ಹಾಸಿಗೆಯ ಬಳಿ ಬಂದು ಕೂತಳು.

"ಜಾತಿ ನೋಡಿ ನಾನೂ ಸುಮ್ನಿದ್ದೆ, ಅವ್ನೂ ಸುಮ್ನಿದ್ದ. ಶಿವೂಗೆ ಹೇಳ್ತೀನಿ, ಹರಿಹರದ ಸಂಬಂಧ ಬ್ಯಾಡ."

ಹೇಳಿದರು. ಎರಡು ದಿನಕ್ಕೆ ತೀರಿಕೊಂಡರು.

ವಿಭೂತಿ ಬಳಿದು ಅಪ್ಪಾಜಿಯನ್ನು ಕೂರಿಸಿದ್ದರು. ಗೇಟಿನ ಬಳಿ ಅಣ್ಣನ ದನಿ ಏರಿದ್ದು ಒಳಗಿದ್ದ ಉಮಾಳಿಗೆ ಕೇಳಿತು.

"ಸಾವಿನ ಮನೆ ಇದು. ಇಲ್ಲೇನು ಪಿಕ್ಚರ್ ಐತೇನಲೇ? ನಡಿ!"

ಹಾರ ಹಿಡಿದು ಬಂದಿದ್ದ ಮಾಲತೇಶ ಎದುರಾಡಲಿಲ್ಲ. ಹಾರವನ್ನು ಕಾಂಪೌಂಡಿನ ಮೇಲಿಟ್ಟು ಹೋದ. ಅದು ಅಲ್ಲೇ ಬಾಡಿತು.

ಕರ್ಮಗಳು ಮುಗಿದ ಮೇಲೆ ಉಮಾ ಅಣ್ಣನಿಗೆ ಅಪ್ಪಾಜಿಯ ಮಾತು ನೆನಪಿಸಿದಳು.

"ಸಾಯೋರು ನೂರು ಮಾತಾಡ್ತಾರೆ" ಅಂದ ಶಿವಕುಮಾರ. "ಹರಿಹರದೋರಿಗೆ ಮಾತು ಕೊಟ್ಟಾಗೈತೆ. ಆ ಹುಡುಗನ ಹಿಂದ ಹೋದ್ರೆ ಈ ಹೊಸ್ತಿಲು ಮತ್ತ ತುಳೀಬ್ಯಾಡ."

ಅವಳು ಹೊಸ್ತಿಲು ದಾಟಿದಳು. ಹಿಂದೆ ಬಾಗಿಲ ಅಗುಳಿ ಬಿದ್ದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಕಿತ್ತಿಡಲು ಆಗುತ್ತಿರಲಿಲ್ಲ.

ಅವನ ಕೋಣೆಯಿದ್ದ ಸರಸ್ವತಿ ನಗರದಲ್ಲಿ ಕೇಳಿದಳು. ಸಾಮಾನು ಕಟ್ಟಿಕೊಂಡು ಊರಿಗೆ ಹೊರಟನಂತೆ. ಈಗ ತಾನೇ!

ಸಿಕ್ಕಿದ ಬಸ್ ಹತ್ತಿ ಹೋದಳು; ಹರಿಹರದ ಬಸ್ ನಿಲ್ದಾಣದಲ್ಲಿ ಸಿಕ್ಕ. ಟ್ರಂಕಿನ ಮೇಲೆ ಕೂತು ಸಾರಥಿಯ ಬಸ್ ಕಾಯುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ.

"ನೀವಾ? ಯಾರ ಜೊತಿ ಬಂದ್ರಿ?"

"ಒಬ್ಳೇ. ತಿರುಗಿ ಹೋಗಾಕ ಮನೆಯಿಲ್ಲ."

"ಉಮಾ ಅವ್ರೇ, ತಪ್ಪು ಮಾಡಿದ್ರಿ. ನನ್ನ ಹತ್ರ ಏನೈತೆ? ಕೆಲಸಾನೂ ಬಿಟ್ಟೆ."

"ಅಪ್ಪಾಜಿಗೆ ಎಲ್ಲಾ ಗೊತ್ತಿತ್ತು ಮೇಷ್ಟ್ರೇ. ನೀವು ಯಾವ ಮಾತು ಬಿಟ್ಟು ಹೇಳ್ತಿದ್ರಿ ಅನ್ನೋದೂ..."

ಅವನ ತುಟಿ ಅಲುಗಿತು. ಕಣ್ಣು ತುಂಬಿತು.

"ನಿಮ್ಮ ಕೈಲಿ ಆಗಂಗಿಲ್ಲ. ನಾನೇ ಹೇಳ್ತೀನಿ" ಅಂದಳು ಉಮಾ. ಅಳು ನುಗ್ಗಿ ಬಂತು. "ನೀವಂದ್ರೆ ನನಗೆ ಜೀವ ಕಣ್ರೀ... ಬ್ಯಾಡ ಅಂತೀರಾ?"

ಮಾಲತೇಶ ಟ್ರಂಕಿನ ಧೂಳನ್ನು ತನ್ನ ಟವೆಲ್ಲಿನಿಂದ ಒರೆಸಿದ.

"ಕೂಡ್ರಿ. ಊಟ ಮಾಡೀರಾ?"

"ಇಲ್ಲ."

"ಅವ್ವ ರೊಟ್ಟಿ ಮಾಡಿರ್ತಾಳೆ. ನಮ್ಮನೇದು ಖಾರ ಜಾಸ್ತಿ."

"ಇರಲಿ."

ಬಸ್ ಬಂತು. ಅವನು ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಊರು ಬರುವ ತನಕ ಆ ಕೈ ಬಿಡಲಿಲ್ಲ.

ನಿನ್ನನ್ನು ಪ್ರೀತಿಸುತ್ತೇನೆ ಎಂದು ಮಾತ್ರ ಅವನು ಅವತ್ತೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.