ಕಾಳಮ್ಮನನ್ನು ಮಡಿಕೇರಿಗೆ ಮುಟ್ಟಿಸಿದ ದಿನ

ಧಡಾರ್!

ಹಿಂದಿನಿಂದ ಟಿಪ್ಪರ್ ಮತ್ತೊಮ್ಮೆ ಗುದ್ದಿತು. ನನ್ನ ಜೀಪ್ ಚರಂಡಿ ಕಡೆ ಜಾರಿತು. ಸ್ಟೀರಿಂಗ್ ಎಳೆದು ಹಿಡಿದೆ.

ಆನೆಕಾಡು. ಎರಡೂ ಕಡೆ ಬರೀ ಮರ. ಹಾಡಹಗಲು... ಆದರೂ ಕೂಗಿದರೆ ಕೇಳುವವರಿಲ್ಲ!

"ತಲೆ ಬಗ್ಗಿಸಮ್ಮಾ!" ಎಂದೆ.

"ಬಗ್ಗಿಸಿ ಬಗ್ಗಿಸೇ ಈ ಗತಿಗೆ ಬಂದಿರೋದು ಕಣವ್ವ. ನೀನು ಗಾಡಿ ಓಡ್ಸು," ಎಂದರು ಪಕ್ಕದಲ್ಲಿದ್ದ ಕಾಳಮ್ಮ.

ನಾನು ಪೊನ್ನಮ್ಮ. ಪೊಲೀಸ್ ಕೆಲಸಕ್ಕೆ ರಾಜೀನಾಮೆ ಎಸೆದು ಬಂದವಳು. ಈಗ ಲಾಯರ್‌ಗಳಿಗೆ ಸಾಕ್ಷಿಗಳನ್ನು ಹುಡುಕಿಕೊಡುತ್ತೇನೆ. ಹುಡುಕಿದವರನ್ನು ಜೀವಸಹಿತ ಮುಟ್ಟಿಸುತ್ತೇನೆ.

ಕೇಸ್ ಏನು ಗೊತ್ತಾ? ಕುಶಾಲನಗರದ ಹತ್ತಿರ, ಕಾಳಮ್ಮನ ದಲಿತ ಕಾಲೊನಿಯ ನೆತ್ತಿಯ ಮೇಲೊಂದು ಕಲ್ಲು ಕ್ವಾರಿ. ಲೈಸೆನ್ಸ್ ಕೊಡುವ ಮೊದಲು ಗಣಿ ನಿಯಂತ್ರಣ ಪ್ರಾಧಿಕಾರ ಊರವರ ಸಭೆ ಕರೆಯಬೇಕು. ಕರೆಯಿತು. ಮೇಲಿನ ಬೀದಿಯವರಿಗೆ ಕುರ್ಚಿ, ಕಾಫಿ. ಕಾಲೊನಿಯವರಿಗೆ... ಮುಚ್ಚಿದ ಗೇಟ್! ಆಮೇಲೆ 'ಕಾಲೊನಿಯಿಂದ ಯಾರೂ ಬರಲಿಲ್ಲ, ತಕರಾರಿಲ್ಲ' ಎಂದು ಲೈಸೆನ್ಸ್ ಕೊಟ್ಟೇಬಿಟ್ಟರು.

ಕ್ವಾರಿಯಲ್ಲಿ ಮದ್ದು ಸಿಡಿಸಿದಾಗ ಕಲ್ಲು ಹಾರಿತು. ಹೆಂಚು ಒಡೆದು ಒಳಗೆ ಬಿತ್ತು. ಕಾಳಮ್ಮನ ಮೊಮ್ಮಗಳು ದಿವ್ಯಶ್ರೀಯ ಎಡಗಣ್ಣು ಹೋಯಿತು.

ಲಾಯರ್ ಅಶ್ವಿತಾ ಪ್ರಾಧಿಕಾರದ ಮೇಲೆಯೇ ಹೈಕೋರ್ಟಿನಲ್ಲಿ ಕೇಸ್ ಹಾಕಿದಳು. ಸಮಾನತೆಯ ಹಕ್ಕು... ಮಾತಾಡುವ ಹಕ್ಕು... ಜೊತೆಗೆ ಸಹಿ ಹಾಕಿದವರೆಲ್ಲ ಬೆದರಿಕೆಗೆ ಹಿಂದೆ ಸರಿದರು. ಕಾಳಮ್ಮ ಒಬ್ಬರೇ ಉಳಿದರು. ಕೋರ್ಟ್ ನೇಮಿಸಿದ ನಿವೃತ್ತ ಜಡ್ಜ್ ಅಂದು ಮಡಿಕೇರಿಯಲ್ಲಿ ಹೇಳಿಕೆ ಪಡೆಯಲಿದ್ದರು. ಕಾಳಮ್ಮ ತಲುಪದಿದ್ದರೆ ಕೇಸ್ ಖತಂ!

ಟಿಪ್ಪರ್ ಓವರ್‌ಟೇಕ್ ಮಾಡಿ ಅಡ್ಡ ನಿಂತಿತು. ಇಳಿದವನು ಗಿರಿ. ಕ್ವಾರಿ ಮಾಲೀಕನ ಬಂಟ. ಕೈಯಲ್ಲಿ ಕಬ್ಬಿಣದ ರಾಡ್.

"ಪೊನ್ನಮ್ಮ ಮೇಡಂ, ಅಜ್ಜೀನ ಇಳಿಸಿ. ನೀವು ಹೋಗ್ತಾ ಇರಿ."

"ಇಳಿಸದಿದ್ರೆ?"

"ಆನೆ ತುಳೀತು ಅಂತ ಪೇಪರಲ್ಲಿ ಬರುತ್ತೆ. ಇಬ್ಬರನ್ನೂ!"

ಕಾಳಮ್ಮ ಕಿಟಕಿಯಿಂದ ತಲೆ ಹೊರಹಾಕಿದರು.

"ಲೋ, ನಿನ್ನ ಮಗೀಗೆ ಎರಡು ಕಣ್ಣೂ ಅವಾ?"

ಗಿರಿ ತಡವರಿಸಿದ. ಒಂದೇ ಕ್ಷಣ.

ನನಗೆ ಅಷ್ಟು ಸಾಕು! ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಟಿಪ್ಪರ್ ಮೂತಿಗೂ ಮರಕ್ಕೂ ನಡುವೆ ಜೀಪ್ ತೂರಿಸಿದೆ. ಗಿರಿ ಚರಂಡಿಗೆ ಹಾರಿದ. ಅವನು ಬೀಸಿದ ರಾಡ್ ಹಿಂದಿನ ಗಾಜು ಪುಡಿ ಮಾಡಿತು.

ಸುಂಟಿಕೊಪ್ಪ ಪೇಟೆ ಸಿಗುವವರೆಗೆ ಬ್ರೇಕ್ ಮುಟ್ಟಲಿಲ್ಲ. ಅಲ್ಲಿ ಜನ ಕಂಡು ಟಿಪ್ಪರ್ ಹಿಂದುಳಿಯಿತು. ಕಾಡಿನಲ್ಲಷ್ಟೇ ಗಂಡಸರು!

ಮಡಿಕೇರಿ. ಪ್ರಾಧಿಕಾರದ ಅಧಿಕಾರಿ ಶಿವಪ್ರಕಾಶ್ ಜಡ್ಜ್ ಮುಂದೆ ನಗುತ್ತಾ ಕೂತಿದ್ದ.

"ಗೇಟ್ ತೆರೆದೇ ಇತ್ತು ಸಾರ್. ಕಾಲೊನಿಯಿಂದ ಒಬ್ಬರೂ ಬರಲಿಲ್ಲ. ಈ ಜನಕ್ಕೆ ಇಂಥದ್ರಲ್ಲಿ ಆಸಕ್ತಿ ಇರಲ್ಲ."

ಈ ಜನ! ನಾನು ಎದ್ದುಬಿಟ್ಟೆ. ಅಶ್ವಿತಾ ನನ್ನ ತೋಳು ಹಿಡಿದು ಕೂರಿಸಿದಳು.

ಕಾಳಮ್ಮ ಎದ್ದು ಬಲಗೈ ಚಾಚಿದರು. ಎರಡು ಬೆರಳು ಸೊಟ್ಟ.

"ತೆರೆದಿತ್ತಾ ಸ್ವಾಮಿ? ನೀವೇ ನಿಂತು ಗೇಟ್ ಹಾಕಿಸಿದ್ರಿ. ನನ್ನ ಕೈ ಸಿಕ್ಕಾಕೊಂಡಿತ್ತು. ಕಿರುಚಿದೆ. ನೀವು ನೋಡಿ, 'ಇನ್ನೂ ತಳ್ಳು' ಅಂದ್ರಿ!"

"ಸುಳ್ಳು ಸಾರ್! ಅಷ್ಟು ಜನ ಗೇಟ್‌ಗೆ ಮುಗಿಬಿದ್ದಿರುವಾಗ ಯಾರ ಕೈ ಅಂತ ನಾನು ಹೇಗೆ..."

ಶಿವಪ್ರಕಾಶ್ ಗಕ್ಕನೆ ಬಾಯಿ ಮುಚ್ಚಿದ.

ಜಡ್ಜ್ ಪೆನ್ ಕೆಳಗಿಟ್ಟರು. "ಒಬ್ಬರೂ ಬರಲಿಲ್ಲ ಅಂದ್ರಲ್ಲ?"

ಶಿವಪ್ರಕಾಶ್ ಕರವಸ್ತ್ರ ತೆಗೆದ. ಹಣೆಯ ಮೇಲೆ ಬೆವರು... ಮಡಿಕೇರಿಯ ಚಳಿಯಲ್ಲಿ!

ಹೈಕೋರ್ಟ್ ಲೈಸೆನ್ಸ್ ರದ್ದು ಮಾಡಿತು. ಕ್ವಾರಿ ನಿಂತಿತು. ಗಿರಿ ಜೈಲಿನಲ್ಲಿದ್ದಾನೆ. ದಿವ್ಯಶ್ರೀಯ ಕಣ್ಣನ್ನು ಯಾವ ಕೋರ್ಟೂ ವಾಪಸ್ ಕೊಡಲಿಲ್ಲ.

ಶಿವಪ್ರಕಾಶ್? ಬೇರೆ ಜಿಲ್ಲೆಗೆ ವರ್ಗಾವಣೆ... ಪ್ರಮೋಷನ್ ಸಮೇತ!

ಅವನ ಹೊಸ ಆಫೀಸಿನ ಎದುರಿಗೇ ನಾನು ಬಾಡಿಗೆ ರೂಮ್ ಹಿಡಿದಾಯಿತು.