ಸಾಕವ್ವನ ಹೊಸ್ತಿಲು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಹುಟ್ಟುವುದಕ್ಕೂ ಮೊದಲು, ಹೊನ್ನಗುಡ್ಡ ಅಂತ ಒಂದು ರಾಜ್ಯವಿತ್ತು. ಅಲ್ಲಿ ಚಿಕ್ಕ ಮಕ್ಕಳಿಗೊಂದು ಶಾಲೆ. ಪಾಠ ಹೇಳುವವಳು ಸಾಕವ್ವ. ದಿನಾ ಹೊಸ್ತಿಲಲ್ಲಿ ನಿಂತು, ಒಂದೊಂದು ಮಗುವಿಗೂ ಕೈಮುಗಿದು ಕೇಳುತ್ತಿದ್ದಳು:

"ಬನ್ನಿ. ಇವತ್ತು ಹೊಟ್ಟೆಯೊಳಗೆ ಏನಿದೆ?"

ಒಬ್ಬನ ಹೊಟ್ಟೆಯಲ್ಲಿ ಸಿಟ್ಟು, ಒಬ್ಬಳದರಲ್ಲಿ ಹೆದರಿಕೆ. ಅದನ್ನು ಹೇಳಿದ ಮೇಲೆಯೇ ಪಾಠ.

ಸಾಕವ್ವ ತೀರಿಕೊಂಡಳು. ಹೊಸ್ತಿಲು ಖಾಲಿಯಾಯಿತು. ಮಕ್ಕಳು ಒಬ್ಬರನ್ನೊಬ್ಬರು ಹಂಗಿಸಿದರು, ತಳ್ಳಾಡಿದರು. ಅದನ್ನೇ ಕಾಯುತ್ತಿದ್ದ ಮಾಂತ್ರಿಕ ಕೆಂಡಗಣ್ಣ ಒಂದು ಹಿಡಿ ಬೂದಿ ಎರಚಿದ. ಸೇನಾಪತಿಯ ಮಗ ವೀರಣ್ಣ ಕರಡಿಯಾದ. ಗಾಣಿಗರ ತಿಪ್ಪವ್ವ ಮುಳ್ಳುಹಂದಿಯಾದಳು. ರಾಜಕುಮಾರಿ ಹೊನ್ನಾಜಿ ಆಮೆಯಾದಳು. ಉಳಿದ ಮಕ್ಕಳು ಓಡಿಹೋದರು.

"ಮೂರನೆಯ ದಿನ ನಾನು ಶಾಲೆಯ ಗಂಟೆ ಹೊಡೆಯುತ್ತೇನೆ," ಅಂದ ಕೆಂಡಗಣ್ಣ. "ಅಷ್ಟರೊಳಗೆ ಮನುಷ್ಯರಾಗದಿದ್ದರೆ ಮೂವರೂ ನನ್ನ ಗುಹೆಗೆ."

ಪಂಡಿತರು ಬೆತ್ತ ಹಿಡಿದು ಬಂದರು. ಬಂದ ದಾರಿಯಲ್ಲೇ ಓಡಿದರು. ಕೊನೆಗೆ ಬಂದವನು ಹಗ್ಗ ಹೊಸೆಯುವ ಮಾರಯ್ಯ, ಸಾಕವ್ವನ ಗಂಡ.

"ಓದು ಬರುತ್ತದೆಯೇ?" ಅಂದ ರಾಜ.

"ಇಲ್ಲ, ಬುದ್ಧಿ. ಅವಳು ನಿಲ್ಲುತ್ತಿದ್ದ ಜಾಗ ಗೊತ್ತು."

ಮೊದಲ ದಿನ ಕರಡಿ ಬಂತು. "ಬಾರೋ, ಏನಾಗಿದೆ ನಿನಗೆ?" ಅಂದ ಮಾರಯ್ಯ. ಕರಡಿ ಅವನನ್ನೆತ್ತಿ ಗೋಡೆಗೆ ಒಗೆಯಿತು.

"ಮಾರಯ್ಯ, ಹಗ್ಗ ತರಬೇಕಿತ್ತು," ಅಂತ ಬಾಗಿಲಲ್ಲಿದ್ದ ಅರಮನೆಯ ಕಾವಲುಗಾರ ನಕ್ಕ.

ಮಾರಯ್ಯ ಎದ್ದ. ಧೂಳು ಕೊಡವಿದ. ತಪ್ಪು ತನ್ನದೇ, ಆಡಿದ ಮಾತು ಸಾಕವ್ವನದಾಗಿರಲಿಲ್ಲ. ಕೈಮುಗಿದ.

"ಬನ್ನಿ. ಹೊಟ್ಟೆಯೊಳಗೆ ಏನಿದೆ?"

"ಕರಡಿಗೂ ಬಹುವಚನ," ಅಂದ ಕಾವಲುಗಾರ.

ಕರಡಿ ನಿಂತಿತು. "ಬೆಂಕಿ," ಅಂದಿತು. "ಅಪ್ಪ ದಂಡಿನೆದುರು ನನ್ನನ್ನು ಹೇಡಿ ಅಂತಾನೆ."

ಮಾರಯ್ಯ ಬುದ್ಧಿ ಹೇಳಲಿಲ್ಲ. ಒಂದು ಚೆಂಬು ನೀರು ಕೊಟ್ಟ. ಉಸಿರು ತಣ್ಣಗಾಗುವ ತನಕ ಪಕ್ಕದಲ್ಲಿ ಕೂತ. ಕೂದಲು ಉದುರಿ ವೀರಣ್ಣ ಎದ್ದ.

ಎರಡನೆಯ ದಿನ ಮುಳ್ಳುಹಂದಿ. "ಬನ್ನಿ. ಹೊಟ್ಟೆಯೊಳಗೆ ಏನಿದೆ?"

"ಏನೂ ಇಲ್ಲ." ಮುಳ್ಳುಗಳು ಅವನ ಮೊಣಕಾಲಿಗೆ ನಾಟಿದವು.

ಮಾರಯ್ಯ ಹೊಸ್ತಿಲು ಬಿಡಲಿಲ್ಲ. ಅಲ್ಲೇ ಕೂತು ಹಗ್ಗ ಹೊಸೆದ. ಮಧ್ಯಾಹ್ನಕ್ಕೆ ಮಾತು ಬಂತು.

"ನಾನು ಎಣ್ಣೆ ನಾರುತ್ತೀನಂತೆ. ವೀರಣ್ಣ ಮೂಗು ಮುಚ್ಕೋತಾನೆ."

ವೀರಣ್ಣ ಅಲ್ಲೇ ಇದ್ದ. ಕೈ ಮೂಗಿನ ಮೇಲೇ ಇತ್ತು. ಮೆಲ್ಲಗೆ ಇಳಿಸಿದ.

"ತಪ್ಪಾಯ್ತು. ಬನ್ನಿ, ನನ್ನ ಪಕ್ಕ ಕೂತ್ಕೊಳ್ಳಿ."

ಮುಳ್ಳೆಲ್ಲ ಉದುರಿ ತಿಪ್ಪವ್ವ ಎದ್ದಳು.

ಮೂರನೆಯ ದಿನ ಆಮೆ. ಮಾರಯ್ಯ ಒಂದು ಸಲ ಕೇಳಿದ. ಎರಡು ಸಲ ಕೇಳಿದ. ಚಿಪ್ಪು ಸುಮ್ಮನಿತ್ತು. ಕೆಂಡಗಣ್ಣ ಗಂಟೆಯ ಹತ್ತಿರ ಬಂದು ಸುತ್ತಿಗೆ ಎತ್ತಿದ.

ಚಿಪ್ಪಿನೊಳಗಿಂದ ಸಣ್ಣ ದನಿ: "ಮೊದಲು ನೀವು ಹೇಳಿ, ತಾತ. ನಿಮ್ಮ ಹೊಟ್ಟೆಯೊಳಗೆ ಏನಿದೆ?"

ಸಾಕವ್ವ ಹೋದ ಮೇಲೆ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ.

"ಅವಳಿಲ್ಲ," ಅಂದ ಮಾರಯ್ಯ. "ಅಷ್ಟೇ ಇರೋದು."

"ನನ್ನ ಹೊಟ್ಟೆಯೊಳಗೂ ಅದೇ," ಅಂತ ಆಮೆ ತಲೆ ಹೊರಗೆ ಹಾಕಿತು. ಚಿಪ್ಪು ಕಳಚಿತು. ಹೊನ್ನಾಜಿ ಬಂದು ಅವನ ಬೆರಳು ಹಿಡಿದಳು.

ಕೆಂಡಗಣ್ಣ ಹಲ್ಲು ಕಡಿದು ಮತ್ತೆ ಬೂದಿಗೆ ಕೈ ಹಾಕಿದ. ತಿಪ್ಪವ್ವ ಹೊಸ್ತಿಲಿಗೆ ಹೋಗಿ ಕೈಮುಗಿದಳು.

"ಬನ್ನಿ, ಕೆಂಡಗಣ್ಣನವರೇ. ಹೊಟ್ಟೆಯೊಳಗೆ ಏನಿದೆ?"

ಮುನ್ನೂರು ವರ್ಷ ಎಲ್ಲರೂ ಅವನಿಗೆ ತೊಲಗು ಅಂದಿದ್ದರು. ಬನ್ನಿ ಅಂದವರಿಲ್ಲ. ಸುತ್ತಿಗೆ ಜಾರಿ ಬಿತ್ತು. ಕಣ್ಣಿನ ಕೆಂಡ ಆರಿತು.

"ಹಸಿವು," ಅಂದ.

ಮೂವರೂ ತಮ್ಮ ಬುತ್ತಿ ಬಿಚ್ಚಿದರು. ಅವನು ಉಂಡ. ಮಂತ್ರವೆಲ್ಲ ಮರೆತುಹೋಯಿತು.

ಓಡಿಹೋದ ಮಕ್ಕಳು ತಿರುಗಿ ಬಂದರು. ಆಮೇಲೆ ಆ ಶಾಲೆಯ ಗಂಟೆ ಹೊಡೆಯುವವನು ಕೆಂಡಗಣ್ಣನೇ. ಹೊಸ್ತಿಲಲ್ಲಿ ನಿಲ್ಲುವವನು ಮಾರಯ್ಯ. ಅವನು ಕೇಳುತ್ತಾನೆ, ಮಕ್ಕಳು ಹೇಳುತ್ತಾರೆ. ಆಮೇಲೆ ಮಕ್ಕಳು ಕೇಳುತ್ತಾರೆ. ಕೆಲವು ದಿನ ಅವನು "ಅವಳಿಲ್ಲ" ಅನ್ನುತ್ತಾನೆ. ಕೆಲವು ದಿನ "ರೊಟ್ಟಿ" ಅನ್ನುತ್ತಾನೆ. ಮಕ್ಕಳು ನಗುತ್ತಾರೆ. ಹೊನ್ನಗುಡ್ಡದವರು ಸುಖವಾಗಿದ್ದಾರೆ.