ಗುಲ್ಜಾರಬಿಯ ಮಾಳಿಗೆಯ ಮಣ್ಣು

“ಬ್ಯಾಡ್ರಿ ಅಳಿಯಂದಿರ, ಆ ಮಣ್ಣಿಗೆ ಸಲಿಕಿ ಹಾಕಬ್ಯಾಡ್ರಿ,” ಎಂದಳು ದಾನವ್ವ. “ಒಬ್ಬರನ್ನ ಮುಚ್ಚಿದ ಮಣ್ಣು ಇನ್ನೊಬ್ಬರ ನೆತ್ತಿಮ್ಯಾಲೆ ಹೇರಬಾರದು. ಮಾಟಕ್ಕಾದರ ತಗಿಯೂ ಮಂತ್ರ ಐತಿ. ಇದಕ್ಕ ಇಲ್ಲ.”

ಫಕೀರಪ್ಪ ನಕ್ಕ. ಅವನ ನಗೆ ಸಣ್ಣದಲ್ಲ. ಉಪ್ಪಿನಬೆಟಗೇರಿಯಲ್ಲಿ ಅವನು ನಕ್ಕರೆ ಧಾರವಾಡದ ಸಂತೆಯಲ್ಲಿ ತಕ್ಕಡಿಗಳು ಅಲುಗಾಡುತ್ತಿದ್ದವು.

“ಅತ್ತೀ, ಮಣ್ಣಿಗೆ ನೆನಪಿರತೈತಂದರ ನಮ್ಮ ಎಮ್ಮೀನೂ ಸಾಲಿಗೆ ಹಚ್ಚೂಣು ತಗೋರಿ. ಮುಲ್ಕಿ ಪರೀಕ್ಷಾ ಪಾಸ್ ಮಾಡಿ ಬರತೈತಿ.”

ನೆರೆದ ಓಣಿಯವರೂ ನಕ್ಕರು. ನಗದವರು ಇಬ್ಬರೇ: ಅವನ ಅತ್ತೆ ದಾನವ್ವ, ಮತ್ತು ಗೋಡೆ ಕಟ್ಟುವ ಗವಂಡಿ ಉಸ್ಮಾನಸಾಬ. ಎದುರಿಗೆ ಗುಡ್ಡೆಯಾಗಿ ಬಿದ್ದಿದ್ದ ಮಣ್ಣು ಉಸ್ಮಾನಸಾಬನ ದೊಡ್ಡಮ್ಮ ಗುಲ್ಜಾರಬಿಯ ಮನೆಯದು. ಹೋದ ಮಘೆ ಮಳೆಯಲ್ಲಿ ಸೂರಿನ ಮಣ್ಣಿನ ಮಾಳಿಗೆ ಕುಸಿದು ಮುದುಕಿ ಅದರಡಿಯಲ್ಲೇ ಸತ್ತಿದ್ದಳು.

“ಮುಕಾದಮರ, ಹಳ್ಳದ ಗುಂಡಿಯಿಂದ ಮಣ್ಣು ನಾನ ಗಾಡಿ ಹೊಡೀತೇನ್ರಿ. ಬಾಡಗಿ ಬ್ಯಾಡ, ಏನೂ ಬ್ಯಾಡ. ಇದನ್ನ ಬಿಡ್ರಿ,” ಎಂದ ಉಸ್ಮಾನಸಾಬ ಮೆಲ್ಲಗೆ.

“ಮಾಳಿಗಿಗೆ ಹಾಕಾಕ ಬಾಗಲಾಗ ಬಂಗಾರದಂಥಾ ಮಣ್ಣು ಬಿದ್ದೈತಿ, ಹಳ್ಳಕ್ಕ ಯಾಕ ಹೋಗಬೇಕೋ? ನೀ ಗ್ವಾಡಿ ಕಟ್ಟು. ಲೆಕ್ಕಾಚಾರ ನನಗ ಬಿಡು.”

ಫಕೀರಪ್ಪ ಎರಡು ಮಳೆಗಾಲದ ಹಿಂದಷ್ಟೇ ಹುಬ್ಬಳ್ಳಿಯಿಂದ ಬಂದ ಮನೆ‌ಅಳಿಯ. ಅಲ್ಲಿ ಅರಳೆ ಗಿರಣಿಯಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮನಾಗಿದ್ದ. ಗಿರಣಿಯ ಸಾಹೇಬ ಬಿಟ್ಟುಕೊಟ್ಟ ಬೂಟು ಹಾಕಿಕೊಂಡೇ ಊರಿಗೆ ಬಂದ. ಅದರ ಕಿರ್ ಕಿರ್ ಸದ್ದಿಗೆ ನರೇಂದ್ರ ಊರಿನ ಎತ್ತುಗಳು ನೊಗ ಕಿತ್ತುಕೊಂಡು ಓಡುತ್ತಿದ್ದವು. ಸುಳ್ಳೆನ್ನಿಸಿದರೆ ಎತ್ತುಗಳನ್ನೇ ಕೇಳಬೇಕು. ಇಷ್ಟು ದೊಡ್ಡ ಮನುಷ್ಯ ಸಿಕ್ಕನೆಂದು ಓಣಿಯವರು ಅವನನ್ನೇ ಮಾಳಿಗೆಯ ಹಿರಿಯನನ್ನಾಗಿ ಮಾಡಿದ್ದರು.

ಆ ಓಣಿಯ ಮನೆಗಳೆಲ್ಲ ಹೆಗಲಿಗೆ ಹೆಗಲು ಹಚ್ಚಿ ನಿಂತವು. ನಡುಗೋಡೆ ಇಬ್ಬರದು, ಮಾಳಿಗೆ ಎಲ್ಲರದು. ಒಂದು ತುದಿಯಲ್ಲಿ ಹತ್ತಿದ ಬೆಕ್ಕು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮರಿ ಹಾಕಿರುತ್ತಿತ್ತು, ಅಷ್ಟು ಉದ್ದ. ಮುಂಗಾರಿಗೆ ಮೊದಲು ಹಳ್ಳದ ಗುಂಡಿಯ ನೀರು ಇಂಗದ ಸವಳು ಮಣ್ಣು ತಂದು ಎಲ್ಲರೂ ಕೂಡಿ ಅದಕ್ಕೆ ಹೊಚ್ಚಬೇಕು. ಎಲ್ಲಿ ಸೋರುತ್ತದೆಂಬುದು ಮೇಲೆ ನಿಂತವನಿಗೆ ಕಾಣುವುದಿಲ್ಲ, ಒಳಗಿದ್ದವಳಿಗೆ ಗೊತ್ತು. ಅದಕ್ಕೇ ಮನೆಯ ಹೆಂಗಸು ಕೋಲು ಹಿಡಿದು ಒಳಗಿನಿಂದ ಸೂರಿನ ಜಂತಿ ತಟ್ಟುತ್ತಾಳೆ. ಟಕ್, ಟಕ್, ಟಕ್. ಸದ್ದು ಬಂದ ಜಾಗಕ್ಕೆ ಮೇಲಿನವನು ಒಂದು ಬುಟ್ಟಿ ಹೆಚ್ಚು ಸುರಿಯುತ್ತಾನೆ. ಹಗೆಯವಳು ತಟ್ಟಿದರೂ ಸರಿ, ಕೇಳಿಸಿದ ಮೇಲೆ ಸುರಿಯದೆ ಹೋಗುವಂತಿಲ್ಲ. ಅಜ್ಜಂದಿರ ಕಾಲದಿಂದ ಬಂದ ಕಾಯಿದೆ ಅದು.

ಫಕೀರಪ್ಪ ಹಿರಿಯನಾದ ವರ್ಷವೇ ಹೊಸ ಕಾಯಿದೆ ತಂದ. ಯಾರ ಮನೆಯಿಂದ ಆಳು ಬರುತ್ತದೋ ಅವರ ಮಾಳಿಗೆಗಷ್ಟೇ ಮಣ್ಣು. ಗುಲ್ಜಾರಬಿ ಒಂಟಿ ಮುದುಕಿ. ಉಸ್ಮಾನಸಾಬ ಆಗ ಕೆಲಸಕ್ಕೆಂದು ಧಾರವಾಡದಲ್ಲಿದ್ದ. ಹೀಗಾಗಿ ಮಣ್ಣು ಅವಳ ನಡುಗೋಡೆಗೆ ಬಂದು ನಿಂತಿತು. ಎಲ್ಲರೂ ಇಳಿದ ಮೇಲೆ ಫಕೀರಪ್ಪ ಕಡೆಯದೊಂದು ತುಂಬಿದ ಬುಟ್ಟಿ ಹಿಡಿದು ಮೇಲೆ ಉಳಿದಿದ್ದ. ಗುಲ್ಜಾರಬಿಯ ಮಾಳಿಗೆ ದಾಟುತ್ತಿದ್ದಾಗ ಬೂಟಿನ ಅಡಿಯಿಂದ ಸದ್ದು ಬಂತು.

ಟಕ್, ಟಕ್, ಟಕ್.

ಅವನು ನಿಂತ. ಮತ್ತೆ ತಟ್ಟಿತು. “ಫಕೀರಪ್ಪಾ, ನೀನ ಏನೋ? ಬೂಟಿನ ಸಪ್ಪಳ ಗುರ್ತ ಹಿಡದೆ. ಇಲ್ಲೆ ಸೋರತೈತಿ ನೋಡೋ, ನನ್ನಪ್ಪಾ!”

ಇವತ್ತು ಒಬ್ಬಳಿಗೆ ಹಾಕಿದರೆ ನಾಳೆ ಎಲ್ಲರೂ ಕೇಳುತ್ತಾರೆ, ಕಾಯಿದೆ ಹೋಗುತ್ತದೆ, ಕಾಯಿದೆಯ ಜೊತೆಗೆ ಹಿರಿತನ. ಇಷ್ಟು ಯೋಚಿಸಿ, ಬುಟ್ಟಿಯನ್ನು ತನ್ನ ಮಾಳಿಗೆಯ ಮೇಲೆ ಸುರಿದು, ಕಿರ್ ಕಿರ್ ಎನ್ನುತ್ತ ಇಳಿದುಹೋದ. ಮಘೆ ಮಳೆಯಲ್ಲಿ ಅವಳ ಹೆಣ ತೆಗೆದಾಗ ಕೋಲು ಕೈಯಲ್ಲೇ ಇತ್ತು. ಮಣ್ಣಿಗೊಯ್ಯಲು ಜನಾಜಾ ಏಳುವ ಮೊದಲು ಎಲ್ಲರೆದುರು ಫಕೀರಪ್ಪ ಅಂದಿದ್ದ: “ಮುದುಕಿ ಒಮ್ಮೆರೆ ತಟ್ಟಿದ್ದರ ನಾ ಬಿಡತಿದ್ದೆನೇನು? ನನಗ ಏನೂ ಕೇಳಿಸಲಿಲ್ಲ.”

ಅಂದಿನಿಂದ ಆ ಗುಡ್ಡೆ ಅವನ ಬಾಗಿಲ ಪಕ್ಕದಲ್ಲೇ ಬಿದ್ದಿತ್ತು. ಬೆಳಗ್ಗೆ ಕದ ತೆಗೆದರೆ ಅದು, ಸಂಜೆ ಕದ ಹಾಕಿದರೆ ಅದು. ಅದನ್ನು ಎತ್ತಿ ಎಲ್ಲರ ಮಾಳಿಗೆಗೆ ಹರವಿಬಿಟ್ಟರೆ ಕಣ್ಣಿಗೆ ಬೀಳುವುದಿಲ್ಲ. ಹಳ್ಳ ದೂರ, ಗಾಡಿ ತುಟ್ಟಿ ಎಂಬುದೆಲ್ಲ ಬಾಯಿಮಾತು.

ಹರವಿದರು. ಗುಡ್ಡೆಯ ಹೆಚ್ಚಿನ ಪಾಲು ಹತ್ತಿರದ ಮನೆಗೇ ಹೋಯಿತು. ಹತ್ತಿರದ ಮನೆ ಫಕೀರಪ್ಪನದು.

ಮರುದಿನ ಊಟಕ್ಕೆ ಕೂತಾಗ ಅವನ ರೊಟ್ಟಿಯ ಮೇಲೆ ಒಂದು ಹನಿ ಬಿತ್ತು. ಹೊರಗೆ ಕಾಗೆಯೂ ಕೊಕ್ಕು ತೆರೆದುಕೊಂಡು ಕೂರುವಂಥ ಬಿಸಿಲು. ಹನಿ ಕಪ್ಪಗಿತ್ತು. ಮೂಸಿದ. ಹಸಿಮಣ್ಣು, ಅದರೊಳಗೆ ಲೋಬಾನದ ಹೊಗೆಯ ವಾಸನೆ. ಗುಲ್ಜಾರಬಿ ದಿನಾ ಸಂಜೆ ಲೋಬಾನ ಹಾಕುತ್ತಿದ್ದಳು.

ಆಮೇಲೆ ಸದ್ದು ಶುರುವಾಯಿತು. ಈ ಸಲ ಮೇಲಿನಿಂದ. ಟಕ್, ಟಕ್, ಟಕ್. ತಟ್ಟಿದ ಜಾಗದಲ್ಲಿ ಹನಿ. ಹಾಸಿಗೆ ಸರಿಸಿದರೆ ಸದ್ದೂ ಸರಿಯುತ್ತಿತ್ತು. ಯುದ್ಧದ ಕಾಲ, ಸೀಮೆಎಣ್ಣೆಗೆ ಬರ; ಹೊತ್ತು ಮುಳುಗಿದರೆ ಮನೆಯೊಳಗೆ ಕತ್ತಲು ಹೆಣ ಹೂಳುವ ಕುಣಿಯೊಳಗಿನಂತೆ ತುಂಬುತ್ತಿತ್ತು. ಆ ಕತ್ತಲಲ್ಲಿ ಜಂತಿಗಳು ಮುದುಕರಂತೆ ನರಳುತ್ತಿದ್ದವು. ಒಂದು ಸಂಜೆ ಸದ್ದು ಕೂಸಿನ ತೊಟ್ಟಿಲ ಮೇಲೆ ಬಂದು ನಿಂತಿತು. ಹೆಂಡತಿ ಗೌರಕ್ಕ ಕೂಸಿನ ಹಣೆಯಿಂದ ಮಣ್ಣು ಒರೆಸುತ್ತ ಗಂಡನನ್ನು ನೋಡಿದಳು.

“ಖರೇ ಹೇಳ್ರಿ. ಆ ಮುದುಕಿ ತಟ್ಟಿದ್ದಳೇನು?”

“ಇಲ್ಲ ಅಂತ ಎಷ್ಟು ಸರತೆ ಹೇಳ್ಲಿ?”

ಟಕ್, ಎಂದಿತು ಸೂರು.

ಫಕೀರಪ್ಪ ಸೀದಾ ಉಸ್ಮಾನಸಾಬನ ಅಂಗಳಕ್ಕೆ ಹೋಗಿ ಅವನ ಕೊರಳಪಟ್ಟಿ ಹಿಡಿದ. “ಮಾಟ ಮಾಡಸೀಯೇನಲೇ?”

“ನನಗ ಮಾಟ ಬರತಿದ್ದರ, ಮುಕಾದಮರ, ಮದಲ ನಮ್ಮ ದೊಡ್ಡಮ್ಮನ್ನ ಎಬ್ಬಸತಿದ್ದೆ,” ಎಂದ ಉಸ್ಮಾನಸಾಬ. ಕೈ ಬಿಡಿಸಿಕೊಳ್ಳಲೂ ಇಲ್ಲ.

ನವಲಗುಂದದ ಕಡೆಯಿಂದ ಮಂತ್ರವಾದಿ ಬಂದ. ಏಳೂರ ದೆವ್ವಗಳನ್ನು ಒಂದೇ ಸೀಸೆಯಲ್ಲಿ ತುಂಬಿ ಬೂಚು ಹಾಕಿದವನೆಂದು ಅವನ ಹೆಸರು. ಮೊಳೆ ಹೊಡೆದ ನಿಂಬೆಹಣ್ಣನ್ನು ಸೂರಿನ ಬೆಳಕಿಂಡಿಗೆ ಕಟ್ಟಿ ಅದರಡಿ ಕಣ್ಣು ಮುಚ್ಚಿ ಕೂತ. ನಿಂಬೆಹಣ್ಣು ಕರಗಿ ಕೆಸರಾಗಿ ಅವನ ಜಡೆಯ ಮೇಲೆ ಇಳಿಯಿತು. ಎದ್ದವನು ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿದ.

“ಇದು ಯಾರೂ ಮಾಡಿದ ಮಾಟ ಅಲ್ರಿ. ಮಾಡಿದವರಿದ್ದರ ಬಿಚ್ಚತಿದ್ದೆ. ನೀವ ಹೊತ್ತು ತಂದು ನೀವ ತಲಿಮ್ಯಾಲೆ ಇಟಗೊಂಡೀರಿ.”

ರೋಹಿಣಿ ಮಳೆ ಮಧ್ಯಾಹ್ನವೇ ಬಂತು. ಗೋವೆಯಿಂದ ಬಳ್ಳಾರಿಯವರೆಗಿನ ಮೋಡವೆಲ್ಲ ಆ ಓಣಿಯೊಂದರ ಮೇಲೆಯೇ ಬಂದು ಕವುಚಿದಂತಾಯಿತು. ಹಗಲು ಆರಿಹೋಯಿತು. ತೊಟ್ಟಿಲ ಮೇಲಿನ ತೊಲೆ ಲಟ್ ಎಂದಿತು. ಫಕೀರಪ್ಪ ಮಣ್ಣಿನ ಬುಟ್ಟಿಯೊಂದನ್ನು ಹೊತ್ತು ನಿಚ್ಚಣಿಕೆ ಹತ್ತಿದ.

“ಗೌರಾ! ಕೋಲು ತಗೊಂಡು ತಟ್ಟು! ಎಲ್ಲೆ ಸೋರತೈತಿ ತೋರಸು!”

ಟಕ್, ಟಕ್, ಟಕ್. ಓಡಿದ. ಸುರಿದ. ಬುಟ್ಟಿ ಬರಿದಾಯಿತು. ಟಕ್, ಟಕ್, ಟಕ್, ಇನ್ನೊಂದು ಕಡೆ. ಅಂಚಿನ ಮಣ್ಣು ಕೈಯಿಂದಲೇ ಬಾಚಿ ಓಡಿದ. ಟಕ್, ಟಕ್. ಬಲಕ್ಕೆ. ಟಕ್. ಎಡಕ್ಕೆ. ಕೆಸರಿನಲ್ಲಿ ಬೂಟು ಹೂತುಹೋದವು. ಲೋಬಾನದ ವಾಸನೆ ಉಸಿರು ಕಟ್ಟಿಸಿತು.

“ಇಳೀರಿ! ಇಳೀರಿ ಲಗೂನ!”

ಕೂಗು ಅಂಗಳದಿಂದ ಬಂದಿತ್ತು. ಬಗ್ಗಿ ನೋಡಿದ. ಗೌರಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮಳೆಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ದಾನವ್ವ. ಉಸ್ಮಾನಸಾಬ ಸಲಿಕೆ ಹಿಡಿದು ಓಡಿಬರುತ್ತಿದ್ದ.

“ತೊಲಿ ಮುರದೈತಿ! ಒಳಗ ಯಾರೂ ಇಲ್ರಿ!” ಎಂದು ಕೂಗಿದಳು ಗೌರಕ್ಕ.

ಒಳಗೆ ಯಾರೂ ಇಲ್ಲ.

ಟಕ್. ಟಕ್. ಟಕ್.

ಬೂಟಿನ ಅಡಿಯಲ್ಲೇ. ಮೊಣಕಾಲೂರಿದ. ಮಣ್ಣಿಗೆ ಬಾಯಿ ಹಚ್ಚಿದ. “ಕೇಳಿಸಿತ್ತ ಯವ್ವಾ!” ಎಂದು ಚೀರಿದ. “ಅವತ್ತ ಕೇಳಿಸಿತ್ತು! ನೀ ಹೆಸರು ಹಿಡದು ಕರದದ್ದೂ ಕೇಳಿಸಿತ್ತು!”

ಅಂಗಳಕ್ಕೆಲ್ಲ ಅದು ಕೇಳಿಸಿತು. ಗೌರಕ್ಕನಿಗೂ.

ಮಾಳಿಗೆ ಬಾಯಿ ತೆರೆಯಿತು.

ಕತ್ತಲು. ಎದೆಯ ಮೇಲೆ ಗುಡ್ಡ. ಬಾಯಿಯಲ್ಲಿ ಸವಳು. ಒಂದು ಕೈ ಮಾತ್ರ ಆಡುತ್ತಿತ್ತು. ಆ ಕೈಗೆ ಒಂದು ಕೋಲು ಸಿಕ್ಕಿತು. ಎಷ್ಟೋ ವರ್ಷ ಹಿಡಿದು ಹಿಡಿದು ನುಣುಪಾದ ಕೋಲು. ಮೇಲಿದ್ದ ತೊಲೆಗೆ ತಟ್ಟಿದ. ಟಕ್, ಟಕ್, ಟಕ್.

ಮೇಲೆ ಯಾರೋ ಬಂದರು. ಕಿರ್, ಕಿರ್. ಬೂಟು. ಹತ್ತಿರ ಬಂತು. ನೆತ್ತಿಯ ಮೇಲೇ ನಿಂತಿತು. ಮತ್ತೆ ತಟ್ಟಿದ. “ಇಲ್ಲೆ... ಇಲ್ಲೆ...” ಬೂಟು ಕೇಳಿಸಿಕೊಂಡಿತು. ಕೇಳಿಸಿಕೊಳ್ಳುತ್ತಿದೆಯೆಂದು ಅವನಿಗೆ ಖಚಿತವಾಗಿ ಗೊತ್ತಾಯಿತು. ಅಂದು ಅವನು ನಿಂತದ್ದೂ ಹೀಗೆಯೇ. ಸ್ವಲ್ಪ ಯೋಚಿಸಿತು. ತಿರುಗಿತು. ಕಿರ್, ಕಿರ್, ಕಿರ್. ಇಳಿದುಹೋಯಿತು.

ಫಕೀರಪ್ಪ ಕಾಲ್ಬೆರಳು ಮಿಸುಕಿಸಿದ. ಬೂಟು ಅವನ ಕಾಲಲ್ಲೇ ಇದ್ದವು.

ಮಣ್ಣು ಕಿವಿಯೊಳಗೆ ಇಳಿಯತೊಡಗಿತು. ಕೈಯಲ್ಲಿ ಉಳಿದಷ್ಟು ಜೀವ ಕೂಡಿಸಿ ಕಡೆಯದಾಗಿ ತಟ್ಟಿದ. ಎಲ್ಲೋ ಬಹಳ ಮೇಲೆ, ಉಸ್ಮಾನಸಾಬನ ದನಿ: “ಕೇಳಿಸ್ತು! ನನಗ ಕೇಳಿಸ್ತು! ಇಲ್ಲೆ ಅಗೀರಿ!”

ಅವನು ಕೇಳಿದ ಕಡೆಯ ಮಾತು ಅದು. ಹೊರಗೆಳೆದಾಗ ಎಲ್ಲರ ಬಾಯಿಗಳು ಆಡುತ್ತಿದ್ದವು, ಅವನ ಕಿವಿಗೆ ಸದ್ದಿರಲಿಲ್ಲ. ಗೌರಕ್ಕ ಮಾತ್ರ ಕೂಸನ್ನು ಎದೆಗವಚಿಕೊಂಡು ಅವನನ್ನೇ ನೋಡಿ, ಮುಖ ತಿರುಗಿಸಿದಳು. ಅವನ ಕೈಯಲ್ಲಿ ಕೋಲೂ ಇರಲಿಲ್ಲ. ಅದನ್ನು ಗುಲ್ಜಾರಬಿಯ ಜೊತೆಗೇ ಮಣ್ಣು ಮಾಡಿದ್ದರೆಂದು ಆಮೇಲೆ ನೆನಪಾಯಿತು.

ಉಸ್ಮಾನಸಾಬ ಹಳ್ಳದ ಗುಂಡಿಯ ಹೊಸ ಮಣ್ಣು ತಂದು ದೊಡ್ಡಮ್ಮನ ಮನೆ ಮತ್ತೆ ಕಟ್ಟಿದ. ಯಾರೂ ಇರುವುದಿಲ್ಲ, ಬಾಗಿಲಿಗೆ ಕೀಲಿ. ಬೇಸಿಗೆ ಮುಗಿಯುವಾಗ ಓಣಿಯ ಮೊದಲ ಬುಟ್ಟಿ ಆ ಮಾಳಿಗೆಗೇ. ಅದನ್ನು ಹೊರುವವನು ಫಕೀರಪ್ಪ, ಬರಿಗಾಲಲ್ಲಿ. ಪಕ್ಕದಲ್ಲಿ ಸಿಡಿಲು ಬಿದ್ದರೂ ತಿರುಗಿ ನೋಡದ ಕಿವುಡ ಅಲ್ಲಿ ನಿಂತು ಕಿವಿಗೊಡುತ್ತಾನೆ. ಒಂದು ಜಾಗಕ್ಕೆ ಹೋಗಿ ಸುರಿಯುತ್ತಾನೆ. ಮತ್ತೆ ಕಿವಿಗೊಡುತ್ತಾನೆ. ಇನ್ನೊಂದು ಜಾಗಕ್ಕೆ ಹೋಗುತ್ತಾನೆ. ಉಳಿದವರು ತಮ್ಮ ತಮ್ಮ ಮಾಳಿಗೆ ಮುಗಿಸಿ ಕೈಕಾಲು ತೊಳೆದುಕೊಂಡು ಕೂತಿರುತ್ತಾರೆ.

“ಸಾಕೇನ ಯವ್ವಾ?” ಎಂದು ಕಾಲಡಿಗೆ ಕೇಳುತ್ತಾನೆ. ತಲೆ ಬಾಗಿಸಿ ಕಾಯುತ್ತಾನೆ.

ಆಮೇಲೆ ಮೆಲ್ಲಗೆ ಬಗ್ಗಿ, ಬರಿದಾದ ಬುಟ್ಟಿಯನ್ನು ಎತ್ತಿಕೊಂಡು ಇನ್ನಷ್ಟು ಮಣ್ಣು ತರಲು ಕೆಳಗಿಳಿಯುತ್ತಾನೆ.